ದೊಡ್ಡವ್ವನ ಫುಟ್‌ಬಾಲು

ಹುಣಸೂರಿನ ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಯ ಕಡೆ ಜಗುಲಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಬಚ್ಚಲು, ಕೊನೆಗೆ ಹಿತ್ತಿಲು. ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ತೆರೆದರೆ ಬೀದಿಯಲ್ಲಿ ನಿಂತವರಿಗೆ ಹಿತ್ತಿಲ ಮೋಟುಗೋಡೆಯಾಚೆ ಕಾಲೇಜು ಮೈದಾನದ ಗೋಲು ಕಂಬಗಳು ಕಾಣುತ್ತಿದ್ದವು. ಯಾರೂ ಕೂತು ಹಂಚಿರದಿದ್ದರೂ ಮನೆಯಲ್ಲಿ ಯಾವ ಜಾಗ ಯಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಜಗುಲಿ ಅಪ್ಪನದು. ಅಲ್ಲಿ ಹೊಗೆಸೊಪ್ಪಿನ ಮಾತು, ಪೇಪರು, ಎಲೆಯಡಿಕೆ, ಬಂದುಹೋಗುವ ಗಂಡಸರು. ನಡುಮನೆ ಎಲ್ಲರದು. ಸೊಪ್ಪಿನ ಕಾಲದಲ್ಲಿ ಮಾತ್ರ ಅದು ಯಾರದೂ ಅಲ್ಲ. ಹೊಲದಲ್ಲಿದ್ದ ಸೊಪ್ಪು ಒಣಗಿಸುವ ಕಟ್ಟಡ, ಬ್ಯಾರನ್ನಿನಲ್ಲಿ ಬೆಂಕಿಯ ಕಾವಿಗೆ ಹದವಾಗಿ ಬಂದ ಸೊಪ್ಪನ್ನು ಅಲ್ಲಿ ಸೂರಿನವರೆಗೆ ಪೇರಿಸುತ್ತಿದ್ದರು. ನಾವು ಅದರ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ನನ್ನ ಲಂಗಕ್ಕೆ, ಪುಸ್ತಕಕ್ಕೆ, ಜಡೆಗೆ ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ. ಸ್ಕೂಲಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳಿಗೂ ಅದೇ ವಾಸನೆ ಇದ್ದದ್ದರಿಂದ ಅದು ವಾಸನೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬೇರೆ ಊರಿನಲ್ಲಿ.

ಅಡುಗೆಮನೆಯೂ ಹಿತ್ತಿಲೂ ದೊಡ್ಡವ್ವನವು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ಜ್ವರ ಬಂದು ತೀರಿಹೋಗಿದ್ದ. ಅವರಿಗೆ ಮಕ್ಕಳಿರಲಿಲ್ಲ. ಗಂಡ ಹೋದ ಮೇಲೂ ಅವಳು ತವರಿಗೆ ಹೋಗದೆ ಇದೇ ಮನೆಯಲ್ಲಿ ಉಳಿದಳು. ಉಳಿದಳು ಎನ್ನುವುದು ಸರಿಯಲ್ಲ. ಮನೆ ಅವಳ ಕೈಯಲ್ಲೇ ನಡೆಯುತ್ತಿತ್ತು. ಅಪ್ಪ ಮದುವೆಯಾಗಿ ನನ್ನ ಅವ್ವನನ್ನು ಕರೆತಂದಾಗ ಅವ್ವನಿಗೆ ಮುದ್ದೆ ತಿರುವುವುದನ್ನು ಕಲಿಸಿದವಳು ಅವಳೇ. ಅವ್ವ ಅವಳನ್ನು ಅಕ್ಕ ಎನ್ನುತ್ತಿದ್ದಳು, ಸಾರಿಗೆ ಉಪ್ಪು ಹಾಕುವ ಮುನ್ನ ಅವಳ ಮುಖ ನೋಡುತ್ತಿದ್ದಳು. ದೊಡ್ಡವ್ವ ಎತ್ತರದ ಹೆಂಗಸು, ಮಾತು ಕಡಿಮೆ. ನನ್ನನ್ನು ಎತ್ತಿ ಮುದ್ದಾಡಿದ ನೆನಪಿಲ್ಲ. ಹೊಡೆದ ನೆನಪೂ ಇಲ್ಲ. ಅವಳು ಕೆಲಸ ಮಾಡುತ್ತಿದ್ದ ಜಾಗದಲ್ಲಿ ನಾನು ಕೂರಬಹುದಿತ್ತು, ಎದ್ದು ಹೋಗು ಎಂದು ಹೇಳುತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಸಿಕ್ಕ ಸಲಿಗೆಯಲ್ಲಿ ಅದೇ ದೊಡ್ಡದು.

ಮೈದಾನ ಆಗ ಖಾಲಿ ಬಿದ್ದಿತ್ತು. ಕಾಲೇಜಿಗೆ ಒಂದು ಕಾಲದಲ್ಲಿ ಫುಟ್‌ಬಾಲ್ ಟೀಮು ಇತ್ತಂತೆ. ಯಾವುದೋ ಮ್ಯಾಚಿನಲ್ಲಿ ಹುಡುಗರು ಹೊಡೆದಾಡಿಕೊಂಡು, ತಲೆಗಳು ಒಡೆದು, ಪ್ರಿನ್ಸಿಪಾಲರು ಟೀಮನ್ನೇ ನಿಲ್ಲಿಸಿಬಿಟ್ಟಿದ್ದರು. ಆಮೇಲೆ ಅಲ್ಲಿ ಎಮ್ಮೆಗಳು ಮೇಯುತ್ತಿದ್ದವು, ಕೆಲವರು ಕಾರು ಕಲಿಯುತ್ತಿದ್ದರು, ದೊಡ್ಡವ್ವ ಗೋಡೆ ದಾಟಿ ಹೋಗಿ ಹುರುಳಿ ಒಣಗಿಸುತ್ತಿದ್ದಳು. ನನಗೆ ಹನ್ನೊಂದು ತುಂಬಿದ ವರ್ಷ, ಮಳೆಗಾಲದ ಆರಂಭದಲ್ಲಿ, ಅಂತರಸಂತೆ ಕಡೆಯ ಒಬ್ಬ ಪಿ.ಟಿ. ಮೇಷ್ಟ್ರು ಕಾಲೇಜಿಗೆ ಹೊಸದಾಗಿ ಬಂದರು. ಒಂದು ಬೆಳಿಗ್ಗೆ ಸೀಟಿ ಕೇಳಿಸಿತು. ಹೋಗಿ ನೋಡಿದರೆ ಹತ್ತು ಹನ್ನೆರಡು ಹುಡುಗರು ಹುಲ್ಲು ಕೀಳುತ್ತಿದ್ದರು, ಮೇಷ್ಟ್ರು ಬಕೆಟ್ಟಿನಲ್ಲಿ ಸುಣ್ಣ ಹಿಡಿದು ಗೆರೆ ಎಳೆಯುತ್ತಿದ್ದರು. ದೊಡ್ಡವ್ವ ತನ್ನ ಹುರುಳಿ ಹಾಸಿದ್ದ ಗೋಣಿತಾಟನ್ನು ಸುತ್ತಿಕೊಂಡು ಒಳಗೆ ಬಂದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಲು ಗೋಡೆ ಹಾರಿ ಬಂದು ಅವಳ ಹಾಗಲಕಾಯಿ ಚಪ್ಪರ ಕೆಡವಿತು. ದೊಡ್ಡವ್ವ ಬಾಲನ್ನು ನೆಲದ ಮೇಲಿಟ್ಟು ಕೋಳಿ ಮುಚ್ಚುವ ಮಂಕರಿಯನ್ನು ಅದರ ಮೇಲೆ ಮಗುಚಿ, ಮೇಲೊಂದು ಕಲ್ಲು ಹೇರಿದಳು. ಗೋಡೆಯಾಚೆ ಹುಡುಗರ ತಲೆಗಳು ಸಾಲಾಗಿ ಕಾಣಿಸಿಕೊಂಡವು. ಕೊನೆಗೆ ಮೇಷ್ಟ್ರೇ ಬಂದರು.

“ತಪ್ಪಾಯ್ತು ಕಣ್ರವ್ವಾ. ಹುಡುಗ್ರು ಒಸಬ್ರು. ಬಾಲು ಎತ್ಲಾಗ್ ಒದೀಬೇಕು ಅಂತ್ಲೇ ಇನ್ನೂ ಗೊತ್ತಿಲ್ಲ.”

“ಗೊತ್ತಿಲ್ದೋರ್ನ ಯಾಕ್ ಸೇರಿಸ್ಕಂಡ್ರಿ?”

“ಗೊತ್ತಿರೋರು ಒಬ್ರೂ ಉಳ್ದಿಲ್ವಲ್ಲ. ಇರೋರ್ನ ಇಟ್ಕಂಡೇ ಕಟ್ಬೇಕು.”

ದೊಡ್ಡವ್ವ ಮೇಷ್ಟ್ರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಲ್ಲು ಸರಿಸಿ, ಮಂಕರಿ ಎತ್ತಿ, ಬಾಲನ್ನು ಕಾಲಲ್ಲಿ ಗೋಡೆಯ ಕಡೆಗೆ ತಳ್ಳಿದಳು. ಎಸೆಯಲಿಲ್ಲ, ಕೈಯಲ್ಲೂ ಮುಟ್ಟಲಿಲ್ಲ. ಹುಡುಗರು ಓಡಿದ ಮೇಲೆ ಅವಳು ಚಪ್ಪರ ಎತ್ತಿ ಕಟ್ಟುವುದನ್ನು ಬಿಟ್ಟು ಗೋಡೆಯ ಬಳಿ ನಿಂತುಕೊಂಡಳು. ಅವಳು ಕೆಲಸವಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಂದಿನಿಂದ ಮನೆಯ ಸಂಜೆಯ ಕೆಲಸವೆಲ್ಲ ಮೆಲ್ಲಗೆ ಗೋಡೆಯ ಕಡೆಗೆ ಸರಿಯಿತು. ಸೊಪ್ಪು ಬಿಡಿಸುವುದು, ಅಕ್ಕಿ ಕೇರುವುದು, ಅವರೆಕಾಯಿ ಸುಲಿಯುವುದು ಎಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮೈದಾನಕ್ಕೆ ಮುಖ ಮಾಡಿಕೊಂಡು. ನಾನು ಅವಳ ಪಕ್ಕ ಕೂರುತ್ತಿದ್ದೆ. ನಮಗಿಬ್ಬರಿಗೂ ಆಟ ಗೊತ್ತಿರಲಿಲ್ಲ. ಮೇಷ್ಟ್ರು ಹುಡುಗರಿಗೆ ಕೂಗಿ ಹೇಳುತ್ತಿದ್ದುದನ್ನೇ ಕೇಳಿ ಕಲಿತೆವು. ಗೆರೆ ದಾಟಿದರೆ ಯಾರಿಗೆ ಬಾಲು, ಕೈ ತಗುಲಿದರೆ ಏನು, ಮೂಲೆಯಿಂದ ಯಾವಾಗ ಒದೆಯುತ್ತಾರೆ ಎಂಬುದೆಲ್ಲ ಹದಿನೈದು ದಿನದಲ್ಲಿ ತಿಳಿಯಿತು. ಆಫ್‌ಸೈಡು ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅರ್ಥವಾಗಲಿಲ್ಲ ಎಂದಲ್ಲ, ಒಪ್ಪಲಿಲ್ಲ.

“ಮುಂದಕ್ ಓಡೋಗಿ ನಿಂತ್ರೆ ತಪ್ಪಾ? ಇದ್ಯಾವ್ ಸೀಮೆ ನ್ಯಾಯ? ಓಡ್ದೋನು ಮುಂದ್ಗಡೆ ಇಲ್ದೆ ಇನ್ನೆಲ್ಲಿರ್ತಾನೆ?”

ಸಾಯುವವರೆಗೂ ಅವಳ ಅಭಿಪ್ರಾಯ ಅದೇ ಆಗಿತ್ತು.

ಹುಡುಗರ ಹೆಸರು ಅವಳಿಗೆ ಬೇಕಿರಲಿಲ್ಲ, ಮಾಡುವ ಕೆಲಸದ ಮೇಲೆ ಹೆಸರಿಟ್ಟುಕೊಂಡಿದ್ದಳು. ಎರಡು ಹೆಸರನ್ನು ಮಾತ್ರ ಕಲಿತಳು. ಒಬ್ಬ ಮಾದೇಶ, ಕಂಪಲಾಪುರದವನು, ಟೀಮಿನ ಕ್ಯಾಪ್ಟನ್. ಅವನು ಮೊದಲು ಕಬಡ್ಡಿ ಆಡುತ್ತಿದ್ದವನು. ಎದುರಿನವನು ಬಾಲು ತೆಗೆದುಕೊಂಡು ಪಕ್ಕದಲ್ಲೇ ಓಡಿದರೆ ಅವನ ಕೈ ತಾನಾಗಿ ಮುಂದಕ್ಕೆ ಬಂದು ಅಂಗಿಯನ್ನೋ ತೊಡೆಯನ್ನೋ ಹಿಡಿದುಬಿಡುತ್ತಿತ್ತು. ಇನ್ನೊಬ್ಬ ತೆನ್‌ಜಿನ್, ಟಿಬೆಟನ್ ಕ್ಯಾಂಪಿನ ಹುಡುಗ, ಗೋಲು ಕಾಯುವವನು. ಹಾಗೆ ನೋಡಿದರೆ ಆ ಗುಂಪಿನಲ್ಲಿ ಆಟ ಬರುತ್ತಿದ್ದದ್ದು ಅವನೊಬ್ಬನಿಗೇ. ಕ್ಯಾಂಪಿನಲ್ಲಿ ಚಿಕ್ಕಂದಿನಿಂದ ಆಡಿ ಬೆಳೆದಿದ್ದ. ಸಣ್ಣ ಆಳು, ಆದರೆ ಬಾಲು ಬರುವ ಕಡೆಗೆ ಇಡೀ ಮೈಯನ್ನು ಎಸೆದುಬಿಡುತ್ತಿದ್ದ. ನಮ್ಮ ಹಿತ್ತಿಲ ಕಡೆಯ ಗೋಲಿನಲ್ಲಿ ನಿಂತಾಗ ಅವನ ಬೆನ್ನು ನಮಗೆ ಹತ್ತಿರದಲ್ಲೇ ಕಾಣುತ್ತಿತ್ತು.

ಪಿರಿಯಾಪಟ್ಟಣದ ಹುಡುಗರೊಡನೆ ಮೊದಲ ಮ್ಯಾಚು ಇದೇ ಮೈದಾನದಲ್ಲಿ ನಡೆಯಿತು. ನಮ್ಮವರು ಆರು ಗೋಲು ಬಿಟ್ಟರು, ಒಂದೂ ಹೊಡೆಯಲಿಲ್ಲ. ನೋಡಲು ಬಂದಿದ್ದ ಊರ ಜನ ನಕ್ಕು ಅರ್ಧಕ್ಕೇ ಎದ್ದುಹೋದರು. ದೊಡ್ಡವ್ವ ಕೊನೆಯವರೆಗೂ ಇದ್ದಳು. ಒಳಗೆ ಬಂದು ಖಾರ ಅರೆಯಲು ಕೂತವಳು ಬಹಳ ಹೊತ್ತಿನ ಮೇಲೆ, ನನಗೋ ಅರೆಯುವ ಕಲ್ಲಿಗೋ ಎಂದು ತಿಳಿಯದಂತೆ, ಹೇಳಿದಳು:

“ಆ ಕಾಯೋ ಹುಡುಗ ಇಲ್ದಿದ್ರೆ ಹನ್ನೆಲ್ಡು ಆಗಿರೋದು.”

ಅಪ್ಪನಿಗೆ ಮೊದಮೊದಲು ಇದು ತಮಾಷೆಯಾಗಿತ್ತು. ಜಗುಲಿಯ ಮೇಲೆ ಬಂದವರಿಗೆ “ನಮ್ಮತ್ಗೆ ಫುಟ್‌ಬಾಲ್ ನೋಡ್ತಾವ್ರೆ” ಎಂದು ಹೇಳಿ ನಗಿಸುತ್ತಿದ್ದ. ಕೆ.ಆರ್. ನಗರದಲ್ಲಿ ಆಡಿದ ಎರಡನೆಯ ಮ್ಯಾಚಿನಲ್ಲೂ ಸೋತರು. ಅಲ್ಲಿಗೆ ಹೋಗಿ ನೋಡಲಾಗದ ದೊಡ್ಡವ್ವ ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿ, ಹುಡುಗರು ಇಳಿಯುವಾಗಲೇ ಫಲಿತಾಂಶ ತರಿಸಿಕೊಂಡಳು. ಮೂರನೆಯದು ಸಮವಾಯಿತು. ಅವತ್ತು ಉಪ್ಪುಸಾರಿನ ಜೊತೆಗೆ ಯಾವ ಕಾರಣವೂ ಇಲ್ಲದೆ ಹಪ್ಪಳ ಸುಟ್ಟಳು. ಅಪ್ಪ ಹಪ್ಪಳ ಮುರಿಯುತ್ತಾ ಕಾರಣ ಕೇಳಲಿಲ್ಲ. ಕಾರಣ ಅವನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಬೀದಿಯವರಿಗೆ ಮಾತ್ರ ಕಾರಣ ಬೇಕಿತ್ತು. ಗಂಡನಿಲ್ಲದ, ನಲವತ್ತು ದಾಟಿದ ಹೆಂಗಸು, ಹೊಲ ಮನೆ ನೋಡಿಕೊಂಡು ಇದ್ದವಳು, ಅರ್ಧ ಚಡ್ಡಿಯ ಹುಡುಗರು ಓಡುವುದನ್ನು ದಿನಾ ಸಂಜೆ ಯಾಕೆ ನೋಡಬೇಕು? ಕೊನೆಗೆ ಎಲ್ಲರೂ ಒಂದೇ ಉತ್ತರಕ್ಕೆ ಬಂದರು. ಮಕ್ಕಳಿಲ್ಲವಲ್ಲ, ಪಾಪ, ಆ ಹುಡುಗರಲ್ಲಿ ಮಕ್ಕಳನ್ನು ಕಾಣುತ್ತಾಳೆ. ಕೇಳಿದವರಿಗೆ ಕಣ್ಣು ತುಂಬಿಸಿಕೊಳ್ಳಲು ಅನುಕೂಲವಾದ ಉತ್ತರ ಅದು. ಪಕ್ಕದಲ್ಲೇ ಕೂತಿದ್ದ ನನಗೆ ಅದಕ್ಕೆ ಒಂದು ಸಾಕ್ಷಿಯೂ ಸಿಗಲಿಲ್ಲ. ದೊಡ್ಡವ್ವ ಆ ಹುಡುಗರಿಗೆ ಒಂದು ದಿನವೂ ಮಜ್ಜಿಗೆ ಕೊಟ್ಟವಳಲ್ಲ. ಮಾದೇಶ ಒಮ್ಮೆ ನೀರು ಕೇಳಿದರೆ ಬೀದಿಯ ನಲ್ಲಿಯ ಕಡೆಗೆ ಕೈ ತೋರಿಸಿದಳು. ಬಿದ್ದು ಮಂಡಿ ತರಚಿಕೊಂಡವನನ್ನು ಕಂಡರೆ ಅಯ್ಯೋ ಎನ್ನುತ್ತಿರಲಿಲ್ಲ, ಅವನ ಜಾಗಕ್ಕೆ ಬಂದವನು ಹೇಗೆ ಆಡುತ್ತಾನೆಂದು ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಆಟ. ಏನೂ ಬಾರದ ಹನ್ನೊಂದು ಜನ ದಿನದಿಂದ ದಿನಕ್ಕೆ ಕೊಂಚ ಕೊಂಚ ಒಂದು ಟೀಮಾಗುವುದನ್ನು ನೋಡುವುದು. ಅದು ಇಷ್ಟೇ ಎಂದು ಹೇಳಲು ನನಗೆ ಆಗ ಮಾತು ಬರುತ್ತಿರಲಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಈಗ ಯಾರಾದರೂ ಒಂದು ಸಂಗತಿ ನನಗೆ ಯಾಕೆ ಇಷ್ಟ ಎಂದು ಕೇಳಿದರೆ ನಾನು ಕಾರಣ ಹುಡುಕಲು ಹೋಗುವುದಿಲ್ಲ.

ಮೈಸೂರಿನ ಒಂದು ಕಾಲೇಜಿನವರು ಇಲ್ಲಿಗೆ ಆಡಲು ಬಂದದ್ದು ನಮ್ಮ ಮನೆಯ ಪಕ್ಷದ ದಿನ. ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ದೊಡ್ಡವ್ವ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಕೋಳಿಸಾರು, ವಡೆ, ಕಜ್ಜಾಯ, ಕುಂಬಳಕಾಯಿ ಪಲ್ಯ. ಸಂಜೆಗೆ ನಡುಮನೆಯಲ್ಲಿ ಬಾಳೆಯೆಲೆ ಹಾಸಿ, ತಾತನಿಗೊಂದು, ಅಜ್ಜಿಗೊಂದು, ದೊಡ್ಡಪ್ಪನಿಗೊಂದು ಎಡೆ ಬಡಿಸಿದಳು. ದೊಡ್ಡಪ್ಪನ ಎಡೆಯ ಪಕ್ಕದಲ್ಲಿ ಅವನ ಬ್ರಾಂಡಿನ ಬೀಡಿಕಟ್ಟು, ಬೆಂಕಿಪೊಟ್ಟಣ. ಕರ್ಪೂರ ಹಚ್ಚಿ ಎಲ್ಲರೂ ಅಡ್ಡಬಿದ್ದ ಮೇಲೆ ಬಾಗಿಲು ಮುಚ್ಚಿ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು, ಹೊರಗೆ ಕೂತವರು ಸದ್ದು ಮಾಡಬಾರದು. ನೆಂಟರು ತುಂಬಿದ್ದರು. ಎಲ್ಲರೂ ಜಗುಲಿಯ ಮೇಲೆ ಮಾತಿಲ್ಲದೆ ಕೂತೆವು. ದೊಡ್ಡವ್ವ ಮನೆಯ ಪಕ್ಕದ ಓಣಿಯಲ್ಲಿ ಹಿತ್ತಿಲಿಗೆ ಹೋದದ್ದನ್ನು ನಾನು ನೋಡಿದೆ. ಬೇರೆಯವರು ಬಚ್ಚಲಿಗೆ ಹೋದಳೆಂದುಕೊಂಡರು. ಮೈದಾನದ ಕಡೆಯಿಂದ ಗದ್ದಲ ಕೇಳುತ್ತಿತ್ತು. ಆಮೇಲೆ ಆ ಗದ್ದಲದೊಳಗಿಂದ ಒಂದೇ ಒಂದು ಹೆಂಗಸಿನ ದನಿ ಎದ್ದು ಬಂತು.

“ಒದೀಲಾ! ಒದೀ ಅಂದ್ರೆ!”

ಜಗುಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಎದ್ದ. ನಾನು ಹಿಂದೆಯೇ ಹೋದೆ. ದೊಡ್ಡವ್ವ ಹೊಸ ಸೀರೆಯಲ್ಲಿ, ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

“ಏನತ್ಗೆ ಇದು? ಒಳಗೆ ಅಣ್ಣ ಎಡೆ ಉಣ್ತಾವ್ನೆ. ನೀವಿಲ್ಲಿ ಕೂಗ್ಕಂಡ್ ನಿಂತಿದ್ದೀರಲ್ಲ!”

“ಉಣ್ಲಿ. ನಾನ್ ಬ್ಯಾಡ ಅಂದ್ನಾ? ಬಡಿಸ್ದೋಳು ನಾನೇ ಕಣಪ್ಪ.”

“ನೆಂಟ್ರೆಲ್ಲ ನಗ್ತಾವ್ರೆ. ಬೀದಿಯೋರು ಏನಂತಾವ್ರೆ ಗೊತ್ತಾ ನಿಮ್ಗೆ? ಒಟ್ಟೇಲಿ ಒಂದ್ ಉಟ್ಲಿಲ್ಲ, ಅದ್ಕೆ ಕಂಡೋರ್ ಐಕ್ಳ ನೋಡ್ಕಂಡು ಆಸೆ ತೀರಿಸ್ಕತ್ತಾಳೆ ಅಂತಾವ್ರೆ.”

ದೊಡ್ಡವ್ವ ಕಲ್ಲಿನಿಂದ ಇಳಿದಳು.

“ಅವ್ರು ಅಂದ್ರು. ನೀನೇನಂದೆ?”

ಅಪ್ಪ ಜಗುಲಿಯ ಕಡೆಗೆ ತಿರುಗಿ ನೋಡಿದ.

“ಅವ್ರು ಅಂಗಂದಾಗ ನೀನೇನಂದೆ ಜವರಾ?”

ಮೈದಾನದಲ್ಲಿ ಸೀಟಿ ಊದಿದರು. ದೊಡ್ಡವ್ವ ಜಗುಲಿಗೆ ಬಂದು, ಹಿರಿಯರು ಏಳಲೆಂದು ಮೂರು ಸಲ ಬಾಗಿಲು ತಟ್ಟಿ ತೆಗೆದು, ಬಂದ ನೆಂಟರಿಗೆಲ್ಲ ಬಡಿಸಿದಳು. ಅಪ್ಪನ ಎಲೆಗೂ ಬಡಿಸಿದಳು. ತಾನು ಉಣ್ಣಲಿಲ್ಲ. ಆ ಮ್ಯಾಚು ಏನಾಯಿತೆಂದು ನನ್ನನ್ನು ಕೇಳಿ ಕಳಿಸಲೂ ಇಲ್ಲ. ನಮ್ಮವರು ಒಂದು ಗೋಲಿನಿಂದ ಸೋತಿದ್ದರು.

ಮರುದಿನ ಬೆಳಿಗ್ಗೆ ಎದ್ದಾಗ ಹಿತ್ತಿಲ ಸೂರಿನ ಕೆಳಗೆ ಮೂರು ಕಲ್ಲಿಟ್ಟು ಅವಳು ಒಲೆ ಹೂಡಿದ್ದಳು. ಒಂದು ಸಣ್ಣ ಪಾತ್ರೆಯಲ್ಲಿ ಎಸರು ಮರಳುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿ, ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು.

“ಅಕ್ಕ, ಇದೇನ್ ಮಾಡ್ತಿದ್ದೀರಿ?”

“ಏನಿಲ್ಲ ಕಣ್ ಮಂಜಿ. ನಂದೊಂದ್ ಮುದ್ದೆ. ಎಲ್ ಬೇಯ್ಸಿದ್ರೇನು?”

ನಮ್ಮ ಕಡೆ ಒಲೆ ಬೇರೆಯಾಯಿತೆಂದರೆ ಪಾಲು ಬೇರೆಯಾಗುತ್ತದೆ ಎಂದೇ ಅರ್ಥ. ಬ್ಯಾರನ್ ಇದ್ದ ಹೊಲ, ಬೋರ್‌ವೆಲ್ ಇದ್ದ ಹೊಲ ಎರಡೂ ದೊಡ್ಡಪ್ಪನ ಹೆಸರಿನವು. ಅವಳು ಕೇಳಿದರೆ ಕೊಡಲೇಬೇಕು, ಕೊಟ್ಟರೆ ನಮಗೆ ಉಳಿಯುವುದು ಮಳೆ ನಂಬಿದ ತುಂಡು ಭೂಮಿ. ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಜಗುಲಿಯ ಮೇಲೆ ಬರುವವರ ದನಿ ತಗ್ಗಿತು. ಅಪ್ಪ ಪೇಪರನ್ನು ಒಂದೇ ಪುಟದಲ್ಲಿ ಹಿಡಿದು ಕೂತಿರುತ್ತಿದ್ದ. ದೊಡ್ಡವ್ವ ಪಾಲು ಕೇಳಲಿಲ್ಲ. ಕೇಳುವುದಿಲ್ಲ ಎಂದೂ ಹೇಳಲಿಲ್ಲ. ಸೊಪ್ಪಿನ ಕೆಲಸವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಕೂಲಿ ಹೆಂಗಸರ ಜೊತೆ ಹೊಲಕ್ಕೆ ಹೋಗಿ, ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವವರೆಗೆ ನಿಂತು ಬರುತ್ತಿದ್ದಳು. ಅಪ್ಪ ಅಲ್ಲೇ ಇರುತ್ತಿದ್ದ. ಅವನಿಗೆ ಹೇಳಬೇಕಾದದ್ದನ್ನು ನನಗೆ ಹೇಳುತ್ತಿದ್ದಳು. “ರತ್ನಿ, ಸೌದೆ ಸಾಲ್ದು ಅಂತ ಯೋಳು ನಿಮ್ಮಪ್ಪಂಗೆ.” ಅಪ್ಪ ಎರಡು ಮಾರು ದೂರದಲ್ಲಿ ನಿಂತು ಅದನ್ನು ಕೇಳಿಸಿಕೊಂಡು, “ತರಿಸ್ತೀನಿ ಅಂತ ಯೋಳು” ಎನ್ನುತ್ತಿದ್ದ. ನಾನು ಯಾರಿಗೂ ಏನೂ ಹೇಳದೆ ಮಧ್ಯದಲ್ಲಿ ನಿಂತಿರುತ್ತಿದ್ದೆ. ಮನೆಯಲ್ಲಿ ನನಗೆ ಎರಡು ಊಟ. ಅಡುಗೆಮನೆಯಲ್ಲಿ ಅವ್ವನ ಸಾರು, ಹಿತ್ತಿಲಲ್ಲಿ ದೊಡ್ಡವ್ವನ ಸಾರು. ಅವ್ವನ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಅಪ್ಪ ಅದನ್ನು ತಲೆಯೆತ್ತದೆ ಉಣ್ಣುತ್ತಿದ್ದ. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಡಬೇಕಿರಲಿಲ್ಲ.

ಆಟ ನೋಡುವುದನ್ನು ದೊಡ್ಡವ್ವ ಬಿಡಲಿಲ್ಲ. ಒಲೆಯೂ ಹಿತ್ತಿಲಿಗೇ ಬಂದದ್ದರಿಂದ ಈಗ ಮುದ್ದೆ ತಿರುವುತ್ತಲೂ ನೋಡಬಹುದಿತ್ತು. ಟೀಮು ಆ ಹೊತ್ತಿಗೆ ಬೇರೆಯದೇ ಆಗಿತ್ತು. ಹುಡುಗರು ಬಾಲಿನ ಹಿಂದೆ ಗುಂಪಾಗಿ ಓಡುವುದನ್ನು ಬಿಟ್ಟಿದ್ದರು. ಒಬ್ಬ ಒದ್ದರೆ ಇನ್ನೊಬ್ಬ ಅಲ್ಲಿ ಇರುತ್ತಿದ್ದ. ಮಾದೇಶ ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಓಡುವ ಅಭ್ಯಾಸ ಮಾಡುತ್ತಿದ್ದ. ಮೇಷ್ಟ್ರು ಹಾಗೆ ಓಡಿಸುತ್ತಿದ್ದರು, ಅದು ನೋಡಲು ಕೈದಿಯ ಓಟದ ಹಾಗಿತ್ತು. ಎಚ್.ಡಿ. ಕೋಟೆಯವರು ಆಡಲು ಬಂದ ದಿನ ನಮ್ಮವರು ಎರಡು ಗೋಲು ಹೊಡೆದು ಗೆದ್ದರು. ಆ ವರ್ಷದ ಮೊದಲ ಗೆಲುವು ಅದು. ಹುಡುಗರು ತೆನ್‌ಜಿನ್‌ನನ್ನು ಎತ್ತಿಕೊಂಡು ಕುಣಿದರು. ದೊಡ್ಡವ್ವ ಮೊರವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಅವರು ಕುಣಿದು ಮುಗಿಸುವವರೆಗೆ ನೋಡಿದಳು. ಆಮೇಲೆ ಮೊರ ಎತ್ತಿಕೊಂಡಳು. ಅವಳಿಗೆ ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಜಗುಲಿಗೆ ಬಂದಾಗ ಅಪ್ಪ ಪೇಪರಿನ ಹಿಂದಿನಿಂದ ಕೇಳಿದ:

“ಏನಂತೆ ಗದ್ಲ?”

“ಗೆದ್ರು.”

“ಎಷ್ಟಕ್ಕೆ?”

“ಎಲ್ಡಕ್ಕೆ.”

ಅವನು ಪೇಪರು ಮಡಿಸಿ ಮತ್ತೆ ಬಿಚ್ಚಿದ. ಒಳಗೆ ಹೋಗಿ ಏನಾದರೂ ಹೇಳುತ್ತಾನೆಂದು ನಾನು ಕಾದೆ. ಹೋಗಲಿಲ್ಲ.

ಕೊನೆಯ ಮ್ಯಾಚು ಪಿರಿಯಾಪಟ್ಟಣದಲ್ಲಿ, ಮೊದಲು ಆರು ಗೋಲು ಹೊಡೆದಿದ್ದ ಆ ಹುಡುಗರ ಮೇಲೆಯೇ. ಹಿಂದಿನ ಸೋಲುಗಳು ಲೆಕ್ಕಕ್ಕಿಲ್ಲ, ಇದೊಂದನ್ನು ಗೆದ್ದರೆ ಮೈಸೂರಿಗೆ ಹೋಗಿ ಮುಂದಿನ ಸುತ್ತು ಆಡಬಹುದೆಂದು ಮೇಷ್ಟ್ರು ಹೇಳಿದ್ದರು. ದೊಡ್ಡವ್ವ ನನ್ನನ್ನು ಕರೆದುಕೊಂಡು ಮಡಿಕೇರಿ ಕಡೆಯ ಬಸ್ಸು ಹತ್ತಿದಳು. ಅವಳು ಹೊಲ, ಸಂತೆ, ಮದುವೆ, ಸಾವು ಇವುಗಳನ್ನು ಬಿಟ್ಟು ಬೇರೆ ಕಾರಣಕ್ಕೆ ಬಸ್ಸು ಹತ್ತಿದ್ದು ನಾನು ಕಂಡಂತೆ ಅದೇ ಮೊದಲು. ಅಲ್ಲಿ ಮೈದಾನದ ಸುತ್ತ ಗೋಡೆಯಿರಲಿಲ್ಲ, ಹಗ್ಗ ಕಟ್ಟಿದ್ದರು. ಹೆಂಗಸರೆಂದರೆ ನಾವಿಬ್ಬರೇ. ಯಾರೋ ದೊಡ್ಡವ್ವನಿಗೆ ಕುರ್ಚಿ ತಂದುಕೊಟ್ಟರು, ಅವಳು ಅದರಲ್ಲಿ ಕೂರಲಿಲ್ಲ. ಗೋಡೆಯಿಲ್ಲದೆ, ಕೈಯಲ್ಲಿ ಕೆಲಸವಿಲ್ಲದೆ ಆಟ ನೋಡುವುದು ಅವಳಿಗೆ ಕಷ್ಟವಾಯಿತೆಂದು ಕಾಣುತ್ತದೆ. ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಎರಡೂ ಕಡೆ ಒಂದೊಂದು ಗೋಲು. ಆಗ ಅವರ ಹುಡುಗನೊಬ್ಬ ಬಾಲು ತೆಗೆದುಕೊಂಡು ಮಾದೇಶನನ್ನು ದಾಟಿದ. ಮಾದೇಶ ಹಿಂದಕ್ಕೆ ಕಟ್ಟಿದ್ದ ಕೈ ಬಿಚ್ಚಿಕೊಂಡಿತು. ಹುಡುಗನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು, ಕಬಡ್ಡಿ ಅಂಕಣದಲ್ಲಿ ಕೆಡವುವ ಹಾಗೆ ಗೋಲಿನ ಮುಂದೆಯೇ ಕೆಡವಿದ. ಸೀಟಿ ಊದಿ ಪೆನಾಲ್ಟಿ ಕೊಟ್ಟರು. ತೆನ್‌ಜಿನ್ ಸರಿಯಾದ ಕಡೆಗೇ ಹಾರಿದ. ಬಾಲು ಅವನ ಬೆರಳಿಗೆ ತಾಗಿ, ಕಂಬಕ್ಕೆ ತಾಗಿ, ಒಳಗೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಟೀಮೂ ಇತ್ತು. ಮಾದೇಶ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಕಂಪಲಾಪುರ ಬಂದಾಗ ಯಾರಿಗೂ ಹೇಳದೆ ಇಳಿದ. ಬಸ್ಸು ಹೊರಡುವ ಮೊದಲು ದೊಡ್ಡವ್ವ ಕಿಟಕಿಯಿಂದ ತಲೆ ಹಾಕಿದಳು. ಅವಳು ಆ ಹುಡುಗನೊಡನೆ ಮಾತಾಡಿದ್ದು ನಾನು ಕೇಳಿದಂತೆ ಅದೊಂದೇ ಸಲ.

“ಏ ಮಾದೇಶ! ಅಳ್ತಾ ಕೂರ್ಬ್ಯಾಡ ಕಣ್ಲಾ. ನಾಳಿಂದ್ಲೇ ಕೈ ಕಟ್ಕಂಡ್ ಓಡು. ಇನ್ನೊಂದೊರ್ಸ ಅದೆ ನಿಂಗೆ.”

ಅದರಲ್ಲಿ ಸಮಾಧಾನದ ದನಿ ಇರಲಿಲ್ಲ, ಬೈಗುಳವೂ ಇರಲಿಲ್ಲ. ಕೂಲಿಯವರಿಗೆ ನಾಳೆಯ ಕೆಲಸ ಹೇಳುವ ದನಿಯೇ. ಮಾದೇಶ “ಊಂ ಅವ್ವಾ” ಎಂದ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾವೆಲ್ಲ ನಡುಮನೆಯಲ್ಲಿ ಕೂತು ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದೆವು. ಆ ಕೆಲಸಕ್ಕೆ ಎಲ್ಲರೂ ಬೇಕಾದ್ದರಿಂದ ಅಪ್ಪ ಒಂದು ಮೂಲೆ, ದೊಡ್ಡವ್ವ ಇನ್ನೊಂದು ಮೂಲೆ, ನಡುವೆ ಅವ್ವ ಮತ್ತು ನಾನು. ಒಲೆ ಇನ್ನೂ ಬೇರೆಯೇ ಇತ್ತು. ಮುಂಬಾಗಿಲಲ್ಲಿ ತೆನ್‌ಜಿನ್ ಬಂದು ನಿಂತ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ದಪ್ಪ ದುಂಡನೆಯ ರೊಟ್ಟಿಗಳು, ಅವನ ತಾಯಿ ಮಾಡಿ ಕಳಿಸಿದ್ದು. ಚಳಿಗಾಲದಲ್ಲಿ ಅವನ ಅಪ್ಪ ಅಮ್ಮ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತಿದ್ದರು. ಈ ಸಲ ಅಪ್ಪನಿಗೆ ಉಬ್ಬಸ ಹೆಚ್ಚಾಗಿ ಏಳಲಾರದೆ ಇದ್ದಾನೆ, ತಾಯಿಯ ಜೊತೆ ತಾನೇ ಹೋಗಬೇಕು, ಕಾಲೇಜಿಗೆ ಮತ್ತೆ ಬರುವುದು ಅನುಮಾನ ಎಂದು ಹೇಳಿದ.

“ಹೋಗುವ ಮೊದಲು ಹೇಳಿ ಹೋಗೋಣ ಅಂತ ಬಂದೆ ಅಮ್ಮಾ. ನೀವು ದಿನಾ ನೋಡುತ್ತಿದ್ದಿರಿ. ನನ್ನ ಬೆನ್ನ ಹಿಂದೆ ನೀವಿದ್ದೀರಿ ಅಂತ ಗೊತ್ತಿರುತ್ತಿತ್ತು.”

ಅವ್ವ ಆಗಲೇ ಕಣ್ಣೊರೆಸಿಕೊಂಡಳು. ಅಪ್ಪ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟ. ಬೀದಿಯವರು ಹೇಳಿದ ಕತೆಗೆ ಕೊನೆಗೂ ಸಾಕ್ಷಿ ಸಿಗುವ ಹೊತ್ತು ಅದು, ಎಲ್ಲರೂ ದೊಡ್ಡವ್ವನ ಮುಖ ನೋಡುತ್ತಿದ್ದೆವು. ಅವಳ ಮುಖ ಬಿಗಿಯಾಯಿತು.

“ನೀನೋದ್ರೆ ನಿನ್ ಜಾಗುಕ್ಕೆ ಯಾರು?”

ಅವನು ರೊಟ್ಟಿಯ ಗಂಟನ್ನು ಇನ್ನೊಂದು ಕೈಗೆ ಬದಲಿಸಿದ.

“ಇನ್ನೂ ಯಾರೂ ಇಲ್ಲ ಅಮ್ಮಾ.”

“ಯಾರೂ ಇಲ್ವಾ? ಮೇಷ್ಟ್ರು ಏನ್ಮಾಡ್ತಾವ್ರೆ? ಒರ್ಸೆಲ್ಲ ಕಟ್ಟಿ ಈಗ ಕಂಬದ ಮದ್ಯ ಬಯಲು ಬುಡ್ತಾರಾ? ಆ ಮುಂದ್ಗಡೆ ಆಡೋ ಕಪ್ಪುಗಿರೋ ಹುಡುಗನ್ನ ನಿಲ್ಸಿದ್ರೆ?”

“ಅವನಿಗೆ ಬಾಲು ಕಂಡರೆ ಕಣ್ಣು ಮುಚ್ಚಿಹೋಗುತ್ತದೆ.”

“ಮತ್ಯಾರು? ವಾಲಿಬಾಲ್ ಆಡ್ತಾನಲ್ಲ, ಎತ್ರುದೋನು, ಅವ್ನು?”

“ಅವನು ಒಳ್ಳೆಯವನು. ಆದರೆ ಅವನ ಅಪ್ಪ ಫುಟ್‌ಬಾಲ್‌ಗೆ ಬಿಡುವುದಿಲ್ಲ.”

ಅಷ್ಟರಲ್ಲಿ ಅಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ ಬಾಯಿ ತೆರೆದು. ಅವನ ನಗೆಯಲ್ಲಿ ಕುಹಕವಿರಲಿಲ್ಲ. ತಿಂಗಳುಗಟ್ಟಲೆ ತಪ್ಪು ಕಡೆಯಿಂದ ನೋಡುತ್ತಿದ್ದದ್ದು ಒಮ್ಮೆಲೇ ಸರಿಯಾಗಿ ಕಂಡವನ ಹಾಗೆ ನಕ್ಕ. ಅವ್ವ ಹೆದರಿ ಅವನ ತೋಳು ಹಿಡಿದಳು. ದೊಡ್ಡವ್ವ ಅವನ ಕಡೆಗೆ ತಿರುಗಿದಳು. ನನ್ನ ಕಡೆಗಲ್ಲ. ನೇರವಾಗಿ ಅವನ ಕಡೆಗೆ.

“ನಗ್ಬ್ಯಾಡ ಜವರಾ. ಕಾಯೋನಿಲ್ದೆ ಟೀಮ್ ಆಯ್ತದಾ?”

ಅಪ್ಪ ಕಣ್ಣೊರೆಸಿಕೊಂಡು, “ಆಗಕಿಲ್ಲ ಅತ್ಗೆ” ಎಂದ.

“ಆ ಎತ್ರುದ್ ಹುಡುಗನ ಅಪ್ಪ ಯಾರು, ನಿಂಗ್ ಗೊತ್ತಾ?”

“ಗೊತ್ತು. ನಮ್ ಜೊತೇಲೇ ಸೊಪ್ಪು ಆಕ್ತಾನೆ.”

“ಮತ್ತೆ ಕೂತಿದ್ದೀಯಲ್ಲ? ಓಗಿ ಕೇಳು.”

“ಈಗ್ಲಾ?”

“ಇನ್ಯಾವಾಗ?”

ಅಪ್ಪ ಪಂಚೆಗೆ ಅಂಟಿದ್ದ ಸೊಪ್ಪಿನ ಪುಡಿ ಕೊಡವಿಕೊಂಡು ಎದ್ದ. ದೊಡ್ಡವ್ವ ತೆನ್‌ಜಿನ್‌ನಿಗೆ ಕೂರಲು ಹೇಳಿ, ಅವನು ಹಾರುವಾಗ ಯಾವ ಕಾಲನ್ನು ಮೊದಲು ನೆಲಕ್ಕೆ ಒತ್ತುತ್ತಾನೆಂದು ಕೇಳತೊಡಗಿದಳು. ಆ ಎತ್ತರದ ಹುಡುಗನಿಗೆ ಹೇಳಬೇಕಲ್ಲ. ಅವ್ವ ಒಳಗೆ ಹೋದವಳು ಎಲ್ಲರಿಗೂ ಸೇರಿಸಿ ಟೀಗೆ ನೀರಿಟ್ಟಳು. ಹೊರಗೆ ಅಪ್ಪ ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿಸಿತು.